ಫ್ಯಾನಿನ ಸ್ವಿಚ್ಚು ರೇಣುಕವ್ವನವರ ಸುಪರ್ದಿಗೆ

ಕ್ರಮಾಂಕ: ಗಾಳಿ/ಗುಳಿಗೆ/ಚಳಿಗಾಲ/೨
ಸ್ಥಳ: ಗಜೇಂದ್ರಗಡ

ವಿಷಯ: ಸೆಕೆಯಾಗುವ ಮುನ್ನವೇ ಅರ್ಜಿ ಸಲ್ಲಿಸುವ ಪದ್ಧತಿಯನ್ನು ಹಿಂಪಡೆಯುವ ಕುರಿತು.

ಉಲ್ಲೇಖ: ೧) ಇದೇ ಕಚೇರಿಯ ಹಿಂದಿನ ಸುತ್ತೋಲೆ.
೨) ಟಪಾಲು ವಿಭಾಗದ ರೇಣುಕವ್ವನವರ ಮೌಖಿಕ ಹೇಳಿಕೆ (ಜೋರುದನಿ).

ಈ ಕಚೇರಿಯಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗೆ ಫ್ಯಾನ್ ಹಚ್ಚುವ ರೂಢಿ ಇರುವುದಿಲ್ಲ. ಆದರೆ ರೇಣುಕವ್ವನವರಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿದ್ದು, ರೋಗ ಮರಳಿ ಬಾರದಂತೆ ಹಾರ್ಮೋನು ತಡೆಯುವ ಗುಳಿಗೆಯನ್ನು ಐದು ವರ್ಷ ದಿನಾಲೂ ನುಂಗಲು ವೈದ್ಯರು ತಿಳಿಸಿರುತ್ತಾರೆ. ಸದರಿ ಗುಳಿಗೆಯಿಂದ ಅವರಿಗೆ ಚಳಿಯಲ್ಲೂ ಇದ್ದಕ್ಕಿದ್ದಂತೆ ಮೈ ಕುದಿದು ಬೆವರಿಳಿಯುತ್ತದೆ. ಇಂಥ ಸೆಕೆಗೆ ಫ್ಯಾನ್ ಬೇಕಾದರೆ ಮೂರು ದಿನ ಮೊದಲೇ ಅರ್ಜಿ ಕೊಡತಕ್ಕದ್ದೆಂದು ಉಲ್ಲೇಖ ೧ರಲ್ಲಿ ಆದೇಶಿಸಲಾಗಿತ್ತು. ಅರ್ಜಿ ಬರೆದು ಬರೆದು ಸಾಕಾದ ರೇಣುಕವ್ವನವರು ಗುಳಿಗೆಯನ್ನೇ ಬಿಟ್ಟರು. ಕಚೇರಿ ಶಾಂತವಾಯಿತೆಂದು ಅಧೀಕ್ಷಕರು ಆಗ ಸಂತೋಷಪಟ್ಟಿದ್ದನ್ನು ಈಗ ನಾಚಿಕೆಯಿಂದ ದಾಖಲಿಸಲಾಗಿದೆ.

ವೈದ್ಯರಿಂದ ಬೈಸಿಕೊಂಡು ಬಂದ ರೇಣುಕವ್ವನವರು ಉಲ್ಲೇಖ ೨ರಲ್ಲಿ, “ಸಾಹೇಬ್ರ, ನೋಟೀಸ ಕೊಡ್ರಿ, ಬೇಕಾದ್ರ ಮನಿಗೆ ಕಳಸ್ರಿ. ಗುಳಿಗಿ ಮಾತ್ರ ಇನ್ನ ಬಿಡಂಗಿಲ್ರಿ. ನಾ ಇನ್ನೂ ಭಾಳ ದಿನಾ ಬದಕೂದೈತ್ರಿ” ಎಂದಿರುತ್ತಾರೆ. ಹೇಳಿಕೆಯಲ್ಲಿ ವಿನಯದ ಕೊರತೆ ಕಂಡುಬಂದಿದ್ದು, ಸತ್ಯದ ಕೊರತೆ ಕಂಡುಬಂದಿರುವುದಿಲ್ಲ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

೧. ಫ್ಯಾನಿನ ಸ್ವಿಚ್ಚು ಇನ್ನು ಮುಂದೆ ರೇಣುಕವ್ವನವರ ಸುಪರ್ದಿಯಲ್ಲಿರತಕ್ಕದ್ದು.

೨. ಕಾಗದ ಹಾರದಂತೆ ಪ್ರತಿ ಕಡತದ ಮೇಲೆ ಕಲ್ಲು ಇಡತಕ್ಕದ್ದು. ಕಲ್ಲಿಗೆ ಕಚೇರಿಯ ಮೊಹರು ಕಡ್ಡಾಯ. ಮೊಹರಿಲ್ಲದ ಕಲ್ಲನ್ನು ಖಾಸಗಿ ಕಲ್ಲೆಂದು ಪರಿಗಣಿಸಲಾಗುವುದು.

೩. ಚಳಿಯಾಗುವವರು ನಡುಗುವ ಮೂರು ದಿನ ಮೊದಲು ಅರ್ಜಿ ಸಲ್ಲಿಸತಕ್ಕದ್ದು. ಅನುಮತಿಯಿಲ್ಲದೆ ಹಲ್ಲು ಕಟಕಟಿಸುವುದನ್ನು ಅಶಿಸ್ತೆಂದು ಭಾವಿಸಲಾಗುವುದು.

೪. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತೋರಿಸಿ, “ಅಲ್ಲೇ ಹೋಗಿ ನಿಂದರವಾ” ಎಂದು ಯಾರೂ ಅವರಿಗೆ ಸಲಹೆ ಕೊಡತಕ್ಕದ್ದಲ್ಲ. ಹಿಂದೆ ಕೊಟ್ಟವರು ಒಂದು ಮಧ್ಯಾಹ್ನ ತಾವೇ ಅಲ್ಲಿ ನಿಂತು ವರದಿ ಸಲ್ಲಿಸತಕ್ಕದ್ದು.

೫. “ಆಪರೇಶನ್ ಮುಗದೈತಿ, ಇನ್ನ್ಯಾಕ ಗುಳಿಗಿ?” ಎಂದು ಕೇಳುವುದನ್ನು ನಿಷೇಧಿಸಲಾಗಿದೆ. ಮುಗಿದ ಕಡತವನ್ನೇ ಇಲಾಖೆ ಮೂವತ್ತು ವರ್ಷ ಕಾಯುತ್ತದೆ. ಒಂದು ಜೀವವನ್ನು ಐದು ವರ್ಷ ಕಾಯುವುದು ಹೆಚ್ಚಲ್ಲ.

ಸಹಿ/-
(ಗುರುಸಂಗಪ್ಪ)
ಅಧೀಕ್ಷಕರು, ಮಫ್ಲರ್ ಸಹಿತ

ಪ್ರತಿಗಳು:
೧. ರೇಣುಕವ್ವನವರಿಗೆ, ಸ್ವಿಚ್ಚಿನೊಂದಿಗೆ.
೨. ಬೈದ ವೈದ್ಯರಿಗೆ, ವಂದನೆಗಳೊಂದಿಗೆ.
೩. ಅಧೀಕ್ಷಕರ ಪತ್ನಿಯವರಿಗೆ: ಅವರ ತಾಯಿಗೂ ಅಕ್ಕನಿಗೂ ಈ ರೋಗ ಬಂದಿದ್ದರಿಂದ ಮುಂಜಾಗ್ರತೆಗೆಂದು ಇದೇ ಗುಳಿಗೆಯನ್ನು ಮೊನ್ನೆ ಅವರಿಗೂ ಬರೆದುಕೊಡಲಾಗಿದೆ. ಮನೆಯ ಫ್ಯಾನು ಅವರದೇ. ದಯವಿಟ್ಟು ಒಂದು ದಿನವೂ ತಪ್ಪಿಸಬಾರದೆಂದು ವಿನಂತಿ.