ನಾಲ್ಕು ಡೇಟಾಬೇಸು, ಒಬ್ಬ ಅಂಜುಬುರುಕಿ

ಟಿಕೋಟಾ ದಾರಿಯಲ್ಲಿರುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳೋದು ನನ್ನ ಕೆಲಸ. ಅಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಹಾಗಾಗಿ ಹೆದರಿಕೆ ದಿನಾ ಬೆಳಿಗ್ಗೆ ಜೋರಾಪುರ ಪೇಟೆಯ ನಮ್ಮ ಮನೆಯಿಂದಲೇ ನನ್ನ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಕೂತು ಬರುತ್ತದೆ.

ಮೊದಲು ಅಲ್ಲಿ ಒಂದೇ ದೊಡ್ಡ ಸಾಫ್ಟ್‌ವೇರ್ ಇತ್ತು. ಅದರ ಒಂದು ಮೂಲೆ ಕೆಟ್ಟರೆ ಎಲ್ಲರೂ ಕೈಕಟ್ಟಿ ಕೂಡಬೇಕಿತ್ತು. ಅದನ್ನು ಒಡೆದು ನಾಲ್ಕು ಮಾಡಿದವಳು ನಾನೇ. ಗೇಟಿನಲ್ಲಿ ಲಾರಿ ಬರೆದುಕೊಳ್ಳೋದು ಒಂದು, ಒಣದ್ರಾಕ್ಷಿಯ ಬಾಕ್ಸುಗಳನ್ನೂ ಕೋಣೆಗಳನ್ನೂ ಅವುಗಳ ಬಾಗಿಲುಗಳನ್ನೂ ನೋಡೋದು ಒಂದು, ರೈತರಿಗೆ ಮೆಸೇಜ್ ಕಳಿಸೋದು ಒಂದು, ಕೆಲಸಗಾರರ ಹೆಸರು ಇಡೋದು ಒಂದು. ಪ್ರತಿಯೊಂದಕ್ಕೂ ತನ್ನದೇ ಡೇಟಾಬೇಸ್. ಒಂದರಲ್ಲಿ ಏನಾದರೂ ಬದಲಾದರೆ ಅದು ಉಳಿದವಕ್ಕೆ ಸುದ್ದಿ ಮುಟ್ಟಿಸಬೇಕು. ಮುಟ್ಟಿದರೆ ನಾಲ್ಕೂ ಒಂದೇ ಮಾತಾಡುತ್ತವೆ. ಮುಟ್ಟದಿದ್ದರೆ ನಾಲ್ಕೂ ನಾಲ್ಕು ಥರ ಹೇಳುತ್ತವೆ, ಅದನ್ನೂ ಬಹಳ ಧೈರ್ಯದಿಂದ ಹೇಳುತ್ತವೆ. ಆ ಧೈರ್ಯ ನನಗಿಲ್ಲ.

ಬಿಜ್ಜರಗಿ ಆಯಿ

ಬಿಜ್ಜರಗಿಯ ಒಬ್ಬ ವಯಸ್ಸಾದ ಆಯಿ ತನ್ನ ಹೊಲದ ಒಣದ್ರಾಕ್ಷಿಯನ್ನು ಇನ್ನೂರು ಬಾಕ್ಸಿನಲ್ಲಿ ತಂದು ನಮ್ಮಲ್ಲಿ ಇಟ್ಟಿದ್ದಳು. ಅದನ್ನು ಒಯ್ಯಲು ಒಂದು ಲಾರಿ ಗೊತ್ತು ಮಾಡಿ, ಆಮೇಲೆ ಇನ್ನೊಂದು ತಿಂಗಳು ಇರಲಿ ಅಂತ ಬೇಡ ಅಂದಳು. ಗೇಟಿನ ಡೇಟಾಬೇಸ್ ಲಾರಿಯನ್ನು ರದ್ದು ಮಾಡಿತು. ಆದರೆ ಆ ಸುದ್ದಿ ಮೆಸೇಜ್ ಕಳಿಸುವ ವಿಭಾಗಕ್ಕೆ ಮುಟ್ಟಲಿಲ್ಲ. ನಿಮ್ಮ ಇನ್ನೂರು ಬಾಕ್ಸ್ ಲಾರಿಯಲ್ಲಿ ಹೊರಟಿವೆ ಅಂತ ಅದು ಆಯಿಗೆ ತಿಳಿಸಿಬಿಟ್ಟಿತು.

ಒಂದು ತಾಸಿನೊಳಗೆ ಒಂದು ಜೀಪು ಬಂತು. ಆಯಿ, ಇಬ್ಬರು ಗಂಡುಮಕ್ಕಳು, ಮತ್ತೆ ಏಳೆಂಟು ಜನ ಬೀಗರು. ಕಿಟಕಿಯಲ್ಲಿ ಅವರನ್ನು ಕಂಡು ನಾನು ಮಾಲಕರ ಕಡೆ ನೋಡಿದೆ. ಮಾಲಕರು ತಾವು ಫೋನಿನಲ್ಲಿ ಮಾತಾಡುವವರ ಹಾಗೆ ಮಾಡಿ, ನೀನೇ ಹೋಗಿ ತೋರಿಸು ಅಂತ ಕೈಸನ್ನೆ ಮಾಡಿದರು.

ಆಯಿಯನ್ನು ಕೋಣೆಯೊಳಗೆ ಕರೆದೊಯ್ದೆ. ಹಿಂದೆ ಅವಳ ಗಂಡುಮಕ್ಕಳು ಸುಮ್ಮನೆ ಬಂದರು. ಅವರು ಬೈದಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಆಯಿ ಚಳಿಯಲ್ಲಿ ನಡುಗುತ್ತ ಒಂದೊಂದೇ ಬಾಕ್ಸ್ ಮುಟ್ಟಿ ಎಣಿಸಿದಳು. ಸರಿಯಾಗಿ ಇನ್ನೂರು. ಮತ್ತೊಮ್ಮೆ ಎಣಿಸಿದಳು, ಮತ್ತೆ ಇನ್ನೂರು. ನಾನು ಉಸಿರು ಬಿಟ್ಟು, ಎಲ್ಲ ಕಣ್ಣ ಮುಂದೇ ಅದಾವಲ್ಲ ಆಯಿ, ಇನ್ನ ನಡೀರಿ ಅಂದೆ. ಅವಳು ಅಲ್ಲೇ ಒಂದು ಬಾಕ್ಸಿನ ಮೇಲೆ ಕೂತಳು.

“ಕಣ್ಣಿಗೇನ ಕಾಣಸ್ತಾವ ಯವ್ವಾ,” ಅಂದಳು. “ಖರೇನ ಅದಾವ ಅಂತ ಒಂದ ಮೆಸೇಜ್ ಹಾಕು. ಆಮ್ಯಾಲ ಹೋಗ್ತೀನಿ.”

ಹನ್ನೊಂದು ಲಾರಿ

ಬಬಲೇಶ್ವರದಲ್ಲಿ ನಮ್ಮದೊಂದು ಸಣ್ಣ ಗೋದಾಮು ಇದೆ. ಅಲ್ಲಿಂದ ಲಾರಿ ಹೊರಟ ಕೂಡಲೇ ಗುಮಾಸ್ತ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುತ್ತಾನೆ. ಇಲ್ಲಿಂದ ‘ತಿಳಿಯಿತು’ ಅಂತ ಉತ್ತರ ಬರುವ ತನಕ ಅಲ್ಲಿಯ ಸಾಫ್ಟ್‌ವೇರ್ ಅದೇ ಸುದ್ದಿಯನ್ನು ಮತ್ತೆ ಮತ್ತೆ ಕಳಿಸುತ್ತದೆ. ಸುದ್ದಿ ಕಳೆದುಹೋಗದಿರಲಿ ಅಂತ ನಾನೇ ಹಾಗೆ ಮಾಡಿದ್ದೆ.

ಒಂದು ಮುಂಜಾನೆ ನೆಟ್‌ವರ್ಕ್ ಅರ್ಧ ಕೆಟ್ಟಿತು. ಸುದ್ದಿ ನಮಗೆ ಬರುತ್ತಿತ್ತು, ನಮ್ಮ ಉತ್ತರ ಹೋಗುತ್ತಿರಲಿಲ್ಲ. ಒಂದೇ ಲಾರಿ ಹನ್ನೊಂದು ಸಲ ಹೊರಟಿತು. ನಂಬರ್ ಒಂದೇ ಇದ್ದರೆ ಲಾರಿಯೂ ಒಂದೇ ಅನ್ನುವುದನ್ನು ನಾನು ಕೋಣೆ ವಿಭಾಗಕ್ಕೆ ಕಲಿಸಿರಲಿಲ್ಲ. ಅದು ಹನ್ನೊಂದು ಲಾರಿಗೆ ಜಾಗ ಮಾಡಿ ಅಂತ ಹಮಾಲರಿಗೆ ಹುಕುಂ ಕೊಟ್ಟಿತು.

ಹಮಾಲರು ಬೆವರು ಸುರಿಸಿ ಎರಡು ಕೋಣೆ ಖಾಲಿ ಮಾಡಿದ ಮೇಲೆ ನನಗೆ ವಿಷಯ ಗೊತ್ತಾಯಿತು. ಅವರ ಮೇಲಾಳು ಮುಕಾದಮನಿಗೆ ಹೇಳಬೇಕು. ಆತ ಮಾತು ಕಡಿಮೆ, ಮೀಸೆ ಜಾಸ್ತಿ ಇರುವ ಮನುಷ್ಯ. ನಾನು ಎದ್ದೆ, ನೀರು ಕುಡಿದೆ, ಕೂತೆ. ಮತ್ತೆ ಎದ್ದೆ, ಮತ್ತೆ ನೀರು ಕುಡಿದೆ. ಅಷ್ಟರಲ್ಲಿ ಹನ್ನೊಂದು ಲಾರಿಯ ಮಾಲು ಇಳಿಸಲು ಮೂವತ್ತು ಜನ ತಲೆಗೆ ಟವೆಲ್ ಸುತ್ತಿಕೊಂಡು ಗೇಟಿನ ಮುಂದೆ ನಿಂತುಬಿಟ್ಟಿದ್ದರು.

ದೂರದಿಂದ ಒಂದೇ ಒಂದು ಲಾರಿ ಬಂತು. ಡ್ರೈವರ್ ಗೇಟಿನ ಹತ್ತಿರ ಬಂದವನು ಈ ಮೂವತ್ತು ಜನರನ್ನು ನೋಡಿದ. ಮುಂದೆ ನಿಂತ ಮೀಸೆಯನ್ನೂ ನೋಡಿದ. ಲಾರಿ ನಿಂತಿತು. ಆಮೇಲೆ ಮೆಲ್ಲಗೆ ಹಿಂದೆ ಸರಿಯತೊಡಗಿತು. ಹಮಾಲರು ಕೂಗುತ್ತ ಬೆನ್ನು ಹತ್ತಿದ್ದರಿಂದ ಅದರ ವೇಗ ಇನ್ನೂ ಹೆಚ್ಚಾಯಿತು. ಕಡೆಗೆ ಮುಕಾದಮ ನನ್ನ ಸ್ಕೂಟಿ ಹತ್ತಿ ಹೋಗಿ ಟಿಕೋಟಾದ ಒಂದು ಚಹಾದಂಗಡಿಯ ಹಿಂದೆ ಅವನನ್ನು ಹಿಡಿದ.

ಡ್ರೈವರ್ ಕೈಮುಗಿದು ಹೇಳಿದನಂತೆ: “ನಾ ಯಾರಿಗೂ ಗಾಡಿ ಬಡಸಿಲ್ರಿ. ದಾರ್‍ಯಾಗ ಒಂದ ಕೋಳಿ ಅಡ್ಡ ಬಂದಿತ್ತು, ಅದೂ ತಪ್ಪಿಸ್ಕೊಂಡ ಹೋಗೇತಿ.”

ಹೆಣ್ಣು ನೋಡಾಕ ಬಂದ ದಿನ

ಇದಾದ ಮೇಲೆ ಹೆದರಿಕೆ ತಡೆಯಲಾರದೆ ಒಂದು ಕಾವಲು ಪ್ರೋಗ್ರಾಂ ಬರೆದೆ. ಅದು ತಾಸಿಗೊಮ್ಮೆ ಡೇಟಾಬೇಸ್‌ಗಳನ್ನು ಒಂದಕ್ಕೊಂದು ತಾಳೆ ನೋಡಿ, ಹೊಂದದಿದ್ದರೆ ನನ್ನ ಫೋನಿಗೆ ತಿಳಿಸುತ್ತದೆ. ತಾಳೆ ಅನ್ನೋದು ನಮ್ಮ ಕಡೆಯ ಬಾಯಲ್ಲಿ ತಾಳಿ ಆಗುತ್ತದೆ. ಮನೆ ಮನಿ ಆದ ಹಾಗೆ.

ಒಂದು ರವಿವಾರ ನನ್ನನ್ನು ನೋಡಲು ಗಂಡಿನವರು ಬಂದರು. ನಡುಮನೆಯಲ್ಲಿ ಹುಡುಗನ ತಾಯಿ-ತಂದೆ ಕೂತಿದ್ದಾರೆ, ಹುಡುಗ ಗೋಡೆಯ ಗಡಿಯಾರ ನೋಡುತ್ತಿದ್ದಾನೆ, ನಾನು ಅವಲಕ್ಕಿಯ ತಾಟು ಹಿಡಿದು ಬಂದಿದ್ದೇನೆ. ಫೋನು ಟಣ್ ಅಂತು. ಮತ್ತೆ ಟಣ್. ಆಮೇಲೆ ಬಿಡುವಿಲ್ಲದೆ ಟಣಗುಟ್ಟತೊಡಗಿತು. ಹುಡುಗನನ್ನು ನೋಡುವ ಅಂಜಿಕೆಗಿಂತ ಇದು ದೊಡ್ಡದು. ತಾಟು ಅವ್ವನ ಕೈಗೆ ಕೊಟ್ಟು ಅಡಿಗೆಮನೆಗೆ ಓಡಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಫೋನ್ ಮಾಡಿದೆ. ಗಾಬರಿಯಲ್ಲಿ ದನಿ ಎಷ್ಟು ಏರಿತ್ತು ಅಂತ ಗೊತ್ತಾಗಲಿಲ್ಲ.

“ಎರಡೂ ಕಡಿದು ತಾಳಿ ಆಗವಲ್ದು,” ಅಂದೆ. “ಒಂದ ಕಡ್ಯಾವ್ರು ಸುಳ್ಳ ಹೇಳಾಕತ್ತಾರ. ಯಾರಂತ ಹುಡುಕು, ಅಲ್ಲೀತನಕ ಎಲ್ಲಾ ನಿಂದ್ರಸು.”

ಹೊರಗೆ ಬಂದೆ, ಅಷ್ಟೂ ಮಾತು ನಡುಮನೆಗೆ ಕೇಳಿಸಿತ್ತು. ಹುಡುಗನ ತಾಯಿಯ ಬಾಯಿಗೆ ಹೋಗುತ್ತಿದ್ದ ಚಮಚ ಗಾಳಿಯಲ್ಲೇ ನಿಂತಿತ್ತು. ಅಪ್ಪ ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದರು. ಹುಡುಗನ ತಂದೆ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಗಂಟಲು ಸರಿಮಾಡಿಕೊಂಡರು.

“ಹುಡುಗನ ವಯಸ್ಸ ಮೂರ ವರ್ಷ ಕಡಿಮಿ ಹೇಳಿದ್ದು ಖರೇ ಐತ್ರಿ,” ಅಂದರು. “ಆದ್ರ ಈ ಮಾತ ನಿಮಗ ಯಾರ ಹೇಳಿದ್ರು?”

ಮೂರನೇ ಕೋಣೆ

ಕೋಲ್ಡ್ ಸ್ಟೋರೇಜಿನ ಕೋಣೆಗಳಿಗೆ ಹೋಗುವವರು ಬಾಗಿಲ ಬಳಿಯ ಯಂತ್ರಕ್ಕೆ ಕಾರ್ಡ್ ಮುಟ್ಟಿಸಬೇಕು, ಹೊರಬರುವಾಗಲೂ ಮುಟ್ಟಿಸಬೇಕು. ಒಳಗೆ ಎಷ್ಟು ಜನ, ಯಾರು ಅಂತ ಬಾಗಿಲ ಮೇಲಿನ ಪರದೆ ತೋರಿಸುತ್ತದೆ. ಸಂಜೆ ಅದು ಸೊನ್ನೆ ತೋರಿಸಿದ ಮೇಲೆಯೇ ಬಾಗಿಲು ಹಾಕುವುದು.

ಒಂದು ಸಂಜೆ ಮೂರನೇ ಕೋಣೆಯ ಪರದೆ ಒಂದು ಅಂತ ತೋರಿಸಿತು. ಕೆಳಗೆ ಹೆಸರೂ ಇತ್ತು. ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಒಬ್ಬನ ಹೆಸರು. ಆತ ಹಿಂದಿನ ತಿಂಗಳೇ ಕೆಲಸ ಬಿಟ್ಟು ತನ್ನೂರು ಬಬಲೇಶ್ವರಕ್ಕೆ ಹೋಗಿದ್ದ. ಹಳೇ ಗೆಳೆಯರನ್ನು ನೋಡಲು ಬಂದು ಒಳಗೆ ಹೋಗಿರಬೇಕು, ಬಿದ್ದಿರಬೇಕು ಅಂದ ಸೂಪರ್‌ವೈಸರ್. ಅವನ ಫೋನಿಗೆ ಮಾಡಿದರೆ ಎತ್ತಲಿಲ್ಲ. ಮಾಲಕರ ಮುಖ ಬಿಳಿಚಿತು. ಆ ಚಳಿಯಲ್ಲಿ ಬಿದ್ದ ಮನುಷ್ಯ ಎಷ್ಟು ಹೊತ್ತು ಉಳಿದಾನು ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಬಾಗಿಲು ಪೂರ್ತಿ ತೆರೆದಿಟ್ಟು, ಕಾರ್ಡು ಗೀರ್ಡು ನೋಡದೆ ಎಲ್ಲರೂ ಒಳಗೆ ನುಗ್ಗಿದೆವು. ಬಾಕ್ಸಿನ ಸಾಲುಗಳ ನಡುವೆ ಅವನ ಹೆಸರು ಹಿಡಿದು ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಬಾಗಿಲ ಸಾಫ್ಟ್‌ವೇರ್ ನನ್ನದೇ. ಅವನಿಗೇನಾದರೂ ಆಗಿದ್ದರೆ ಅವನ ಮನೆಯವರ ಮುಖ ಹೇಗೆ ನೋಡಲಿ ಅಂತ ಅಳುತ್ತಲೇ ಕೂಗುತ್ತಿದ್ದೆ. ಪ್ರತಿ ಮೂಲೆಗೆ ಬ್ಯಾಟರಿ ಬೆಳಕು ಬಿಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಹಾಗಾಗಿ ನಾನು ನೋಡಿದ ಮೂಲೆಗಳನ್ನೆಲ್ಲ ಇನ್ನೊಬ್ಬರು ಮತ್ತೆ ನೋಡಬೇಕಾಯಿತು.

ಕಡೆಗೆ ಆತನೇ ತಿರುಗಿ ಫೋನ್ ಮಾಡಿದ. ಮನೆಯಲ್ಲಿ ಊಟಕ್ಕೆ ಕೂತಿದ್ದನಂತೆ. ಮಾಲಕರು ಒಮ್ಮೆ ಫೋನನ್ನೂ ಒಮ್ಮೆ ಪರದೆಯನ್ನೂ ನೋಡಿದರು.

“ನೀ ಖರೇನ ಮನ್ಯಾಗ ಅದಿ ಏನೋ?” ಅಂತ ಕೇಳಿದರು. “ಇಲ್ಲಿ ನೀ ಒಳಗ ಅದಿ ಅಂತ ತೋರ್ಸಾಕತ್ತೇತಿ.”

ಆತ ಹೆದರಿದ. ಅವನಿಗಿಂತ ಅವನ ಹೆಂಡತಿ ಹೆದರಿದಳು. ಇಬ್ಬರೂ ಮೋಟರ್‌ಸೈಕಲ್ಲಿನಲ್ಲಿ ಬಂದೇಬಿಟ್ಟರು. ಆತ ಪರದೆಯ ಮುಂದೆ ನಿಂತು ತನ್ನ ಹೆಸರು ಎರಡು ಸಲ ಓದಿಕೊಂಡ, ಹೆಂಡತಿ ಅವನ ತೋಳು ಹಿಡಿದು ನೋಡಿದಳು. ಹಾಗಾದರೆ ಒಳಗಿರುವವರು ಯಾರು ಅನ್ನೋ ಪ್ರಶ್ನೆ ಉಳಿಯಿತು, ಅದು ಮೊದಲಿಗಿಂತ ಹೆಚ್ಚು ಭಯ ಹುಟ್ಟಿಸಿತು. ನಾನು ಲ್ಯಾಪ್‌ಟಾಪ್ ತೆಗೆದು ಕಾರ್ಡಿನ ನಂಬರ್ ಹುಡುಕಿದೆ. ಹದಿನೇಳು ಅಂತ ಓದಿ ಹೇಳಿದೆ. ಎಲ್ಲರೂ ತಮ್ಮ ತಮ್ಮ ಕೊರಳ ಕಾರ್ಡು ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನ ಕೊರಳು ನೋಡಿದರು.

ನನ್ನ ಕಾರ್ಡು ಕೆಟ್ಟಿತ್ತು ಅಂತ, ಆತ ಬಿಟ್ಟುಹೋದ ಕಾರ್ಡನ್ನು ಅವತ್ತು ಬೆಳಿಗ್ಗೆ ನನಗೆ ಕೊಟ್ಟಿದ್ದರು. ಕೆಲಸಗಾರರ ಡೇಟಾಬೇಸಿನಲ್ಲಿ ಹೆಸರು ಬದಲಾಗಿತ್ತು, ಬಾಗಿಲು ನೋಡುವ ಕೋಣೆ ವಿಭಾಗದ ಡೇಟಾಬೇಸಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಮಧ್ಯಾಹ್ನ ನಾನು ಕೋಣೆಯಿಂದ ಹೊರಬರುವಾಗ ಕರೆಂಟ್ ಹೋಗಿ, ನಾನು ಹೊರಬಂದದ್ದೂ ಅದಕ್ಕೆ ತಿಳಿದಿರಲಿಲ್ಲ. ಒಂದೂವರೆ ತಾಸು, ಇನ್ನೊಬ್ಬನ ಹೆಸರು ಕೂಗುತ್ತ, ಅಳುತ್ತ, ನಾನು ನನ್ನನ್ನೇ ಹುಡುಕಿದ್ದೆ.

ಯಾರೂ ಬೈಯಲಿಲ್ಲ. ಸೂಪರ್‌ವೈಸರ್ ಮಾತ್ರ ಅವಘಡಗಳ ರಜಿಸ್ಟರ್ ತಂದು, ಗೆರೆ ಹೊಡೆದು, ಪ್ರತಿ ಕಾಲಮ್ಮನ್ನೂ ಸಾವಕಾಶ ತುಂಬಿ ನನ್ನ ಸಹಿಗೆ ಮುಂದಿಟ್ಟ. ಕಳೆದುಹೋದವರು: ಮೇಡಂ. ಹುಡುಕಿದವರು: ಮೇಡಂ. ಷರಾ: ಇನ್ನೂ ಅಳುತ್ತಿದ್ದಾರೆ.