ಕಂಪ್ರೆಸರಿಗೆ ಕಟ್ಟಿದ ಕಾಯಿ

ಹೊಸ ಏರ್ ಕಂಪ್ರೆಸರಿಗೆ ದೃಷ್ಟಿಯಾಗಬಾರದೆಂದು ಯಶೋದಾಬಾಯಿ ಕೆಂಪು ಅರಿವೆಯಲ್ಲಿ ತೆಂಗಿನಕಾಯಿ ಕಟ್ಟಿ ತಂದಿದ್ದರು. ತೂಗುಹಾಕಲು ಮೊಳೆ ಹುಡುಕುವ ಕಷ್ಟವೂ ಬರಲಿಲ್ಲ. ಗಾಳಿ ತುಂಬಿಕೊಳ್ಳುವ ಟಾಕಿಯ ಪಕ್ಕಕ್ಕೆ ಚಾಚಿಕೊಂಡಿದ್ದ ಹಿತ್ತಾಳೆಯ ವಾಲ್ವಿಗೆ ಒಂದು ಉಂಗುರವಿತ್ತು. ಕಾಯಿ ಕಟ್ಟಲೆಂದೇ ಕಂಪನಿಯವರು ಕೊಟ್ಟಂತಿತ್ತು. ಕಟ್ಟಿಬಿಟ್ಟರು.

ಹುಮನಾಬಾದಿನಿಂದ ಮಾಣಿಕನಗರಕ್ಕೆ ತಿರುಗುವಲ್ಲಿ ಮಹೆಬೂಬನ ಪಂಕ್ಚರ್ ಅಂಗಡಿ, ಅದಕ್ಕೆ ಹತ್ತಿಕೊಂಡೇ ಯಶೋದಾಬಾಯಿಯ ಚಹಾದಂಗಡಿ. ಅಂದು ಸಂಜೆ ನಾಲ್ಕಕ್ಕೆ ಒಂದು ಔಷಧ ಕಾರ್ಖಾನೆಯ ಗಾಡಿಗಳ ಉಸ್ತುವಾರಿ ನೋಡುವ ಸ್ನೇಹಲ್ ಮೇಡಂ ಮಷಿನ್ ಪರೀಕ್ಷೆಗೆ ಬರುವವರಿದ್ದರು. ಅವರು ಒಪ್ಪಿದರೆ ನಲವತ್ತು ಗಾಡಿಗಳ ಗಾಳಿಯ ಕೆಲಸ ವರ್ಷವಿಡೀ ಮಹೆಬೂಬನದು.

ಬೆಳಿಗ್ಗೆ ಹತ್ತಕ್ಕೆ ಮಹೆಬೂಬ ಸ್ವಿಚ್ ಹಾಕಿದ. ಮೋಟಾರೇನೋ ಗುಡುಗಿತು, ಮೀಟರಿನ ಮುಳ್ಳು ಮಾತ್ರ ಇಪ್ಪತ್ತರ ಮೇಲೆ ಏಳಲಿಲ್ಲ. ಪುಸ್ಸೆಂದು ಗಾಳಿ ಸೋರುತ್ತಿತ್ತು.

"ಟಾಕಿ ತೂತು ಬಿದ್ದದ ಬೇಟಾ," ಎಂದರು ಚಹಾಕ್ಕೆ ಬಂದು ಕೂತಿದ್ದ ಜಲಾಲುದ್ದೀನ್ ಚಾಚಾ. ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಯಂತ್ರದ ವಿಷಯದಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂದುಕೊಂಡಿದ್ದರು. ಅವರ ಅಪ್ಪಣೆಯಂತೆ ತೂತು ಹುಡುಕಲು ಸಾಬೂನಿನ ನೀರು ಹಚ್ಚಿ ಟಾಕಿಗೆ ಮೈತುಂಬ ಸ್ನಾನವಾಯಿತು. ಕಾಯಿಯ ಹತ್ತಿರ ಮಾತ್ರ ಯಾರೂ ಕೈ ಒಯ್ಯಲಿಲ್ಲ, ಅದು ದೇವರ ವಿಷಯ.

ಕೊನೆಗೆ ಮಹೆಬೂಬ ಮಷಿನ್ ಮಾರಿದ ಬಸವಕಲ್ಯಾಣದ ಗಯಾಸುದ್ದೀನ್ ಸಾಹೇಬರಿಗೆ ಫೋನ್ ಹಚ್ಚಿದ.

"ವಾಲ್ವಿನ ಉಂಗುರಕ್ಕ ಏನರ ಕಟ್ಟೀರೇನು?" ಎಂದರು ಸಾಹೇಬರು.

"ಕಾಯಿ ಕಟ್ಟೇವ್ರಿ."

"ಅದು ಸೇಫ್ಟಿ ವಾಲ್ವ್ ಅದ. ಉಂಗುರ ಜಗ್ಗಿದ್ರ ಗಾಳಿ ಹೊರಗ ಹೋಗ್ತದ. ಮೊದಲ ಕಾಯಿ ಬಿಚ್ರಿ."

ಕಾಯಿ ಬಿಚ್ಚಿದರು. ಮುಳ್ಳು ಸರಸರನೆ ನೂರಾ ಇಪ್ಪತ್ತಕ್ಕೆ ಏರಿತು, ಮೋಟಾರು ತಟ್ಟನೆ ನಿಂತಿತು.

"ನೋಡು, ಕಾಯಿ ಬಿಚ್ಚಿದ್ದಕ್ಕ ಜೀವಾ ಬಿಡ್ತು," ಎಂದರು ಯಶೋದಾಬಾಯಿ.

ಮತ್ತೆ ಫೋನ್. "ಟಾಕಿ ತುಂಬಿದ್ರ ತಾನೇ ಬಂದ್ ಆಗ್ತದ, ಕಮ್ಮಿಯಾದ್ರ ತಾನೇ ಚಾಲೂ ಆಗ್ತದ. ಅದಕ್ಕಂತನ ಪ್ರೆಶರ್ ಸ್ವಿಚ್ ಅದ," ಎಂದರು ಸಾಹೇಬರು.

ಮಷಿನ್ ಸುಮ್ಮನೆ ಕೂತದ್ದು ಚಾಚಾಗೆ ಹಿಡಿಸಲಿಲ್ಲ. "ಸರ್ಕಾರಿ ನೌಕರನ ಹಾಂಗ ಕುಂತದ," ಎಂದು ಗೊಣಗಿದರು. ಮಹೆಬೂಬ ಮಧ್ಯಾಹ್ನದ ನಮಾಜಿಗೆ ಹೋದಾಗ ಪ್ರೆಶರ್ ಸ್ವಿಚ್ಚಿನ ಮುಚ್ಚಳ ತೆಗೆದು ಒಳಗಿನ ಸ್ಕ್ರೂ ಬಿಗಿಮಾಡಿದರು. ಮೋಟಾರು ಎದ್ದಿತು, ಮತ್ತೆ ನಿಲ್ಲಲೇ ಇಲ್ಲ. ಮಹೆಬೂಬ ಮರಳಿದಾಗ ಮುಳ್ಳು ಕೆಂಪು ಗೆರೆ ದಾಟಿತ್ತು. ಅಷ್ಟರಲ್ಲಿ ಸೇಫ್ಟಿ ವಾಲ್ವ್ ಭೋರೆಂದು ಬಾಯಿ ಬಿಟ್ಟಿತು. ಚಹಾ ಕುಡಿಯುತ್ತಿದ್ದವರು ಗ್ಲಾಸು ಬಿಸಾಡಿ ರಸ್ತೆಗೆ ಓಡಿದರು. ಚಾಚಾ ಮಾತ್ರ ಧೈರ್ಯವಂತರು, ಟ್ಯೂಬಿನ ತುಂಡು ಹಿಡಿದು ಅದರ ಬಾಯಿ ಕಟ್ಟಲು ಹೊರಟಿದ್ದರು.

ಮಹೆಬೂಬ ಹಾರಿ ಮೇನ್ ಸ್ವಿಚ್ ಬಂದ್ ಮಾಡಿ ಅವರ ಕೈ ಹಿಡಿದ. "ಚಾಚಾ, ಕಟ್ಟಬ್ಯಾಡ್ರಿ. ಅದು ಬಾಯಿ ಬಿಟ್ಟಿದ್ದಕ್ಕ ನಾವು ಉಳಿದೇವಿ. ಕಟ್ಟಿದ್ರ ಟಾಕಿ ಸಿಡೀತದ."

ಆಮೇಲೆ ಒಂದು ತಾಸು ಫೋನು ಕಿವಿಗಿಟ್ಟುಕೊಂಡು ಕೂತು ಸಾಹೇಬರಿಂದ ಎಲ್ಲವನ್ನೂ ಕಲಿತ. ಸ್ಕ್ರೂ ಮೊದಲಿನ ಜಾಗಕ್ಕೆ ಬಂತು. ಟಾಕಿಯ ತಳದ ನಲ್ಲಿ ಬಿಚ್ಚಿ, ಗಾಳಿಯ ತೇವ ಇಳಿದು ನಿಂತಿದ್ದ ನೀರು ಬಸಿದದ್ದೂ ಆಯಿತು.

ನಾಲ್ಕಕ್ಕೆ ಸ್ಕೂಟಿಯಲ್ಲಿ ಸ್ನೇಹಲ್ ಮೇಡಂ ಬಂದರು. ಮಹೆಬೂಬ ಮೇಷ್ಟರಂತೆ ಶುರುಮಾಡಿದ. ಇದು ಯಾಕೆ ಪುಸ್ಸೆನ್ನುತ್ತದೆ, ಅದು ಯಾಕೆ ತಾನೇ ನಿಲ್ಲುತ್ತದೆ, ನೀರು ಯಾಕೆ ಬಸಿಯಬೇಕು, ಒಂದನ್ನೂ ಬಿಡಲಿಲ್ಲ. ಮೇಡಂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. "ಇನ್ನೊಮ್ಮೆ ಹೇಳ್ರಿ, ಸಾವಕಾಶ," ಎಂದರು. ಅವನು ಇನ್ನೊಮ್ಮೆ ಹೇಳಿದ. ಎದೆ ಉಬ್ಬಿತ್ತು.

"ಇಷ್ಟು ಚಲೋ ನಮಗ ಯಾರೂ ತಿಳಿಸಿ ಹೇಳಿದ್ದಿಲ್ಲ, ಮಹೆಬೂಬ್ ಭಾಯಿ."

"ಹಂಗಾದ್ರ ನಾಳಿಂದನ ಗಾಡಿ ಕಳಸ್ತೀರೇನ್ರಿ ಮೇಡಂ?"

"ಇನ್ನ ಬ್ಯಾಡ್ರಿ. ನಮ್ಮ ಗೋದಾಮಿನ್ಯಾಗ ಇಂಥದ್ದೇ ಮಷಿನ್ ಎರಡು ವರ್ಷದಿಂದ ಬಿದ್ದದ. ಒಮ್ಮೆ ಪುಸ್ ಅಂತಿತ್ತು, ಒಮ್ಮೆ ತಾನೇ ಬಂದ್ ಆಗ್ತಿತ್ತು. ಕೆಟ್ಟದ ಅಂತ ತಿಳಿದು ಕೆಲಸ ಹೊರಗ ಕೊಡಾಕತ್ತಿದ್ವಿ. ಅದು ಕೆಟ್ಟಿಲ್ಲ ಅಂತ ಇವತ್ತ ನೀವೇ ತೋರಿಸಿಕೊಟ್ರಿ. ಈ ವಿಡಿಯೋ ನಮ್ಮ ಹುಡುಗರಿಗೆ ಸಾಕು."

ಮಹೆಬೂಬ ಗಾಳಿಯ ಪೈಪು ಹಿಡಿದು ನಿಂತೇ ಇದ್ದ. ಅದನ್ನು ಕಂಡು ಮೇಡಂ, "ಹಾಂ, ನನ್ನ ಸ್ಕೂಟಿಗೂ ಸ್ವಲ್ಪ ಹಾಕ್ರಿ," ಎಂದರು. ಅವನು ಎರಡೂ ಗಾಲಿಗೆ ಗಾಳಿ ತುಂಬಿ ಕಳಿಸಿದ. ಹೊಸ ಮಷಿನ್ ಅಂದು ದುಡಿದದ್ದು ಅಷ್ಟೇ.