ಅಳಿಯ ಹೇಳಿದ ಸಿನಿಮಾ

ಅತ್ತೆ ಹೇಳಿದ ಸಿನಿಮಾ ಕತೆಗೆ ಸಿದ್ದಾರೂಢ ನಗಬಾರದಿತ್ತು. ನಕ್ಕುಬಿಟ್ಟ. ಅದೂ ಬಾಯಲ್ಲಿ ಅರ್ಧ ಶೇಂಗಾ ಉಂಡಿ ಇಟ್ಟುಕೊಂಡು. ಪುಡಿಯೆಲ್ಲ ಅತ್ತೆಯ ಸೀರೆಯ ಮೇಲೆ ಬಿತ್ತು.

ಪಂಚಮಿ ಮುಗಿದು ಮೂರು ದಿನವಾಗಿತ್ತು. ಸಿದ್ದಾರೂಢ ಇಂಡಿಯಿಂದ ಮನಗೂಳಿಯ ಮಾವನ ಮನೆಗೆ ಬಂದದ್ದು ಉಂಡಿಗಾಗಿ ಅಲ್ಲ, ಹೆಂಡತಿಗಾಗಿ. ಮದುವೆಯಾಗಿ ಮೂರು ತಿಂಗಳು. ಆಷಾಢವೆಂದು ತವರಿಗೆ ಬಂದ ಸುವರ್ಣಾ ಐದು ವಾರವಾದರೂ ತಿರುಗಿ ಹೋಗಿರಲಿಲ್ಲ. ಅಷ್ಟು ದಿನವೂ ಅವನು ಎರಡು ಹೊತ್ತು ಖಾನಾವಳಿಯಲ್ಲೇ ಉಂಡಿದ್ದ. ಅಲ್ಲಿಯ ಸಾರು ಸೋಮವಾರ ಹುಟ್ಟಿ ಶನಿವಾರ ಸಾಯುತ್ತಿತ್ತು.

ಕಳಿಸಿಕೊಡಿ ಎಂದು ಕೇಳಿದಾಗಲೆಲ್ಲ ಅತ್ತೆ ಹೊನ್ನವ್ವ ದಿನ ಸರಿಯಿಲ್ಲ ಎನ್ನುತ್ತಿದ್ದಳು. ಮಂಗಳವಾರ, ಶುಕ್ರವಾರ ಹೆಣ್ಣುಮಗಳನ್ನು ಕಳಿಸಬಾರದು. ಶನಿವಾರ ಹೊಸ ಹಾದಿ ಹಿಡಿಯಬಾರದು. ಸೋಮವಾರ ಶ್ರಾವಣ ಸೋಮವಾರ. ಬುಧವಾರ ಹೋದ ಮಗಳು ತವರನ್ನು ಮರೆಯುತ್ತಾಳೆ. ಭಾನುವಾರಕ್ಕೆ ಏನೂ ಕಾರಣ ಇರಲಿಲ್ಲ, ಸುಮ್ಮನೆ ಬೇಡ. ವಾರಕ್ಕೆ ಏಳು ದಿನ ಎಂದು ಎಂಟು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದ ಮಾಸ್ತರನಿಗೆ ಅತ್ತೆಯ ವಾರದಲ್ಲಿ ಸಿಕ್ಕದ್ದು ಒಂದೇ ದಿನ, ಗುರುವಾರ. ಇವತ್ತು ಗುರುವಾರ. ಬಾಗೇವಾಡಿಯಿಂದ ಇಂಡಿಗೆ ಹೋಗುವ ಬಸ್ಸು ಮೂರೂವರೆಗೆ ಮನಗೂಳಿ ಬಿಡುತ್ತಿತ್ತು.

ಹೀಗಿರುವಾಗ ನಕ್ಕಿದ್ದ.

ಆ ಮನೆಯಲ್ಲಿ ಪಂಚಮಿಗೊಂದು ಆಟವಿತ್ತು. ಮಾವ ಚನ್ನಬಸಯ್ಯ ಊರಿನ ಟಾಕೀಸಿನಲ್ಲಿ ಇಪ್ಪತ್ತೈದು ವರ್ಷ ಸಿನಿಮಾ ಓಡಿಸಿದವನು. ಟಾಕೀಸು ಮುಚ್ಚಿದಾಗ ಹಳೆಯ ಪೋಸ್ಟರುಗಳ ಒಂದು ಹೊರೆ ಮನೆಗೆ ತಂದಿದ್ದ. ಕಣ್ಣು ಮುಚ್ಚಿ ಒಂದು ಪೋಸ್ಟರು ಎಳೆಯಬೇಕು, ಆ ಸಿನಿಮಾದಲ್ಲಿ ಇಲ್ಲದ ಕತೆಯೊಂದನ್ನು ಕಟ್ಟಿ ಹೇಳಬೇಕು. ಕೇಳಿದವರು "ಖರೆ" ಎಂದರೆ ಹೇಳಿದವರು ಗೆದ್ದರು, "ಸುಳ್ಳ" ಎಂದರೆ ಸೋತರು. ತೀರ್ಪು ಹೇಳುವ ಪಂಚ ಚನ್ನಬಸಯ್ಯ. ಹೊನ್ನವ್ವ ಹನ್ನೊಂದು ವರ್ಷದಿಂದ ಸೋತಿರಲಿಲ್ಲ. ಇವತ್ತೂ "ತಾಳಿ ತಂದ ತಕರಾರು" ಎಂಬ ಪೋಸ್ಟರು ಹಿಡಿದು, ಎಮ್ಮೆ ತಾಳಿ ನುಂಗಿದ ಕತೆಯನ್ನು ಎಷ್ಟು ಗಂಭೀರವಾಗಿ ಹೇಳಿದ್ದಳೆಂದರೆ, ಪಕ್ಕದ ಮನೆಯ ಗುಂಡವ್ವ ಆ ಎಮ್ಮೆಗೆ ಆಮೇಲೆ ಏನಾಯಿತು ಎಂದು ಕೇಳುತ್ತಿದ್ದಳು.

"ಅಳಿಯಾರು ನಕ್ಕ್ರು," ಎಂದಳು ಹೊನ್ನವ್ವ, ಸೀರೆ ಕೊಡವುತ್ತ.

"ಹಂಗಲ್ರಿ ಅತ್ತಿ, ಸುಳ್ಳ ಹೇಳೂದು ಏನ್ ಅಂಥಾ ದೊಡ್ಡ ಕೆಲಸ ಅಂತ..."

"ದೊಡ್ಡ ಕೆಲಸ ಅಲ್ಲಾ? ಹಂಗಾರ ನೀವ ಹೇಳ್ರಿ. ಮೂರ ಸಲ ಹೇಳ್ರಿ. ಒಂದಕ್ಕ ನಾವು ಖರೆ ಅಂದ್ವಿ ಅಂದ್ರ ಇವತ್ತಿನ ಬಸ್ಸಿಗೇ ಸುವರ್ಣಾನ್ನ ಕಳಸ್ತೇನಿ. ಇಲ್ಲಂದ್ರ ಗಣಪತಿ ಹಬ್ಬ ಮುಗಿಯೂ ತನಕ ಅಕಿ ಹೆಸರ ಎತ್ತಬಾರ್ದು."

ಸುವರ್ಣಾ ಗಂಡನ ಕಡೆ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದಳು. ಸಿದ್ದಾರೂಢ ಅದನ್ನು ಹೂಂ ಎಂದು ತಿಳಿದು, "ಆಗ್ಲಿ ರೀ" ಎಂದ.

ಅವನ ಮೊದಲ ಸಿನಿಮಾ ಎರಡು ನಿಮಿಷವೂ ಓಡಲಿಲ್ಲ. "ಒಬ್ಬ ಹೀರೋ ಇರ್ತಾನ್ರಿ," ಎಂದ. ಕಿವಿ ಕೆಂಪಾದವು. "ಒಬ್ಬಾಕಿ ಹೀರೋಯಿನ್ ಇರ್ತಾಳ್ರಿ," ಎಂದ. ಕಿವಿ ಇನ್ನೂ ಕೆಂಪಾದವು.

"ಸುಳ್ಳ!" ಎಂದಳು ಗುಂಡವ್ವ.

"ಇನ್ನಾ ಏನೂ ಹೇಳೇ ಇಲ್ಲಲ್ರಿ!"

"ನಿನ್ನ ಕಿವಿ ಹೇಳಾಕತ್ತಾವ ತಮ್ಮಾ. ಒಣ ಮೆಣಸಿನಕಾಯಿ ಆಗ್ಯಾವ ನೋಡ್ಕೋ ಹೋಗು."

ಊಟಕ್ಕೆ ಎಲ್ಲರೂ ಎದ್ದರು. ಗುಂಡವ್ವ ಮಾತ್ರ ಉಪವಾಸವೆಂದು ಗೋಡೆಗೆ ಆತು ಕೂತಳು. ಹೊನ್ನವ್ವ ಅಳಿಯನ ತಾಟಿಗೆ ಆರು ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದಳು. ಪ್ರೀತಿಯೋ ತಂತ್ರವೋ, ಉಂಡೆದ್ದವನ ತಲೆ ಗೋಣಿಚೀಲದಂತೆ ಭಾರವಾಯಿತು.

ಎರಡನೇ ಪೋಸ್ಟರು "ಅತ್ತಿಗೆಯ ಅಡಕತ್ತರಿ". ಈ ಸಲ ಸಿದ್ದಾರೂಢ ತಯಾರಾಗಿದ್ದ. ಕತೆಗೆ ವಿವರ ಬೇಕು, ವಿವರವಿದ್ದರೆ ಜನ ನಂಬುತ್ತಾರೆ.

"ಮೂರ ಮಂದಿ ಕಳ್ಳರು ರೈಲಿನ್ಯಾಗ ಹೊಂಟಿರ್ತಾರ್ರಿ. ರೈಲು ತಾಸಿಗೆ ನಲವತ್ತ ಕಿಲೋಮೀಟರು. ಪೊಲೀಸರು ಜೀಪಿನ್ಯಾಗ ಬೆನ್ನ ಹತ್ತತಾರ. ಜೀಪು ತಾಸಿಗೆ ಅರವತ್ತು..."

"ಭಾವಾರ," ಎಂದಳು ಸುವರ್ಣಾಳ ಗೆಳತಿ ಜಾಸ್ಮಿನ. ಅವಳು ಬಿ.ಇಡಿ. ಓದುತ್ತಿದ್ದಳು. "ಪೊಲೀಸರು ಎಷ್ಟೊತ್ತಿಗೆ ಮುಟ್ತಾರ ಅಂತ ನಾವ ಕಂಡಹಿಡೀಬೇಕೇನು? ಇದು ಎಂಟನೇತ್ತೆ ಪುಸ್ತಕದಾಗಿನ ಲೆಕ್ಕ."

"ಸುಳ್ಳ," ಎಂದಳು ಹೊನ್ನವ್ವ, ತಾಂಬೂಲ ಮಡಚುತ್ತ.

ಗಡಿಯಾರ ಎರಡೂವರೆ ಎನ್ನುತ್ತಿತ್ತು. ಸುವರ್ಣಾ ಒಳಗಿನಿಂದ ಟಾವೆಲು ತಂದು ಗಂಡನ ಕಿವಿ ಮುಚ್ಚುವಂತೆ ಬಿಗಿಯಾಗಿ ಸುತ್ತಿದಳು. ಹಲ್ಲುನೋವಿನವನಂತೆ ಕಂಡ.

"ಇದು ಮೋಸ," ಎಂದಳು ಗುಂಡವ್ವ.

"ಇರ್ಲಿ ಬಿಡ ಗುಂಡಕ್ಕಾ," ಎಂದಳು ಹೊನ್ನವ್ವ. "ಕಿವಿ ಮುಚ್ಚಿದ್ರ ಬಾಯಿ ಸುದ್ದ ಆಗ್ತೈತೇನು?"

ಮೂರನೇ ಪೋಸ್ಟರು "ಎರಡನೇ ಅಂಗಳ". ಮೀಸೆಯವನೊಬ್ಬ ಮೇಲೆ, ಅಳುವವಳೊಬ್ಬಳು ಕೆಳಗೆ. ಟಾವೆಲಿನೊಳಗೆ ಬೆವರುತ್ತ ಸಿದ್ದಾರೂಢ ಶುರು ಮಾಡಿದ.

"ಒಬ್ಬ ಮನಷ್ಯಾ ಇರ್ತಾನ್ರಿ. ಹೊಳಿ ದಾಟೂ ಮುಂದ ದೋಣಿ ಮುಳಗತೈತಿ. ಸಾಯ್ತಾನ. ಊರ ಮಂದಿ ಅತ್ತು ಮಣ್ಣ ಮಾಡ್ತಾರ." ಕಣ್ಣು ಗಡಿಯಾರದ ಮೇಲೆ ಹೋಯಿತು. ಹತ್ತು ಕಮ್ಮಿ ಮೂರು. ಎಲ್ಲಿ ಬಿಟ್ಟಿದ್ದೆ ಎಂಬುದೇ ಮರೆತುಹೋಯಿತು. "ಆಮ್ಯಾಲ... ಅಂವ ಮದುವಿ ಆಗ್ತಾನ."

ಸುವರ್ಣಾ ಹಣೆ ಒತ್ತಿಕೊಂಡಳು. ತಪ್ಪಿದ್ದು ಸಿದ್ದಾರೂಢನಿಗೂ ಗೊತ್ತಾಯಿತು. ಆದರೆ ಹಲಗೆಯ ಮೇಲೆ ಲೆಕ್ಕ ತಪ್ಪಿದಾಗ ಮಾಸ್ತರ ಅಳಿಸುವುದಿಲ್ಲ, ಹಾಗೇ ಮುಂದೆ ಬರೆಯುತ್ತಾನೆ.

"ಹುಡುಗಿ ಉಪವಾಸ ಹಿಡದಿರ್ತಾಳ್ರಿ. ಅದಕ್ಕ ಎದ್ದ ಬರ್ತಾನ. ಬಂದು ಹಾಡ ಹಾಡ್ತಾನ. ಮುಗೀತು."

ಗುಂಡವ್ವ ಬಿಕ್ಕಿದಳು. ಸೆರಗು ಕಣ್ಣಿಗೆ ಹೋಯಿತು. "ಖರೆ! ಖರೆ ಐತಿ ನನ್ನಪ್ಪಾ! ಮಣ್ಣ ಮಾಡಿ ಬಂದ ಮ್ಯಾಲ ಬಾಸಿಂಗ ಕಟಗೊಂಡು ಬರ್ತಾನ ನೋಡು, ನನ್ನ ಮೈ ಝುಮ್ ಅಂದಿತ್ತು!"

"ಹೌದ," ಎಂದಳು ಹೊನ್ನವ್ವ ಮೆಲ್ಲಗೆ. "ನಾನೂ ನೋಡೇನಿ. ಮದುವಿ ಆದ ಹೊಸದಾಗ. ಎರಡ ಸಲ."

"ನಮ್ಮ ಅಮ್ಮೀನೂ ಇದ ಕತಿ ಹೇಳ್ತಾಳ," ಎಂದಳು ಜಾಸ್ಮಿನ. "ಖರೆ."

ಸಿದ್ದಾರೂಢ ಟಾವೆಲು ಕಿತ್ತು ಮೇಲೆ ಹಾರಿಸಿದ. "ಗೆದ್ದೆ! ಸುವರ್ಣಾ, ಚೀಲ ತುಂಬು!"

"ನಿಂದರ್ರಿ," ಎಂದಳು ಹೊನ್ನವ್ವ. "ಎಲ್ಲಿ ಗೆದ್ರಿ? ಇಲ್ಲದ್ದನ್ನ ಹೇಳಬೇಕು ಅನ್ನೂದು ಆಟ. ನೀವು ಇದ್ದದ್ದನ್ನ ಇದ್ದಂಗ ಹೇಳೀರಿ. ಸೋತ್ರಿ."

"ಅತ್ತೀ, ನಾ ಆ ಸಿನಿಮಾ ನೋಡೇ ಇಲ್ರಿ! ನಾ ಹುಟ್ಟೋ ಮೊದಲಿಂದದು! ದಿಕ್ಕ ತಪ್ಪಿ ಏನೇನೋ ಹೇಳೇನಿ!"

"ದಿಕ್ಕ ತಪ್ಪಿದಾಂವಗ ಬಾಸಿಂಗದ ತನಕ ಹ್ಯಾಂಗ ಗೊತ್ತಾತು?"

"ಬಾಸಿಂಗ ನಾ ಹೇಳಿಲ್ರಿ, ಗುಂಡವ್ವಾರು ಹೇಳ್ಯಾರ!"

ಜಾಸ್ಮಿನ ಅಷ್ಟರಲ್ಲಿ ಮೊಬೈಲಿನಲ್ಲಿ ಆ ಸಿನಿಮಾ ಹುಡುಕಿ, ಓಡಿಸಿ ಓಡಿಸಿ ನೋಡುತ್ತಿದ್ದಳು. "ಕಾಕೂ, ಇದರಾಗ ಮದುವಿ ಮೊದಲ ಐತಿ. ದೋಣಿ ಮುಳಗೂದು ಕಡೀಕ. ಸತ್ತಾಂವ ಸತ್ತಂಗ ಇರ್ತಾನ. ಉಪವಾಸಾನೂ ಇಲ್ಲ, ಗಿಪವಾಸಾನೂ ಇಲ್ಲ. ಅಕಿ ಮದುವಿ ಮುಂದ ಊಟ ಬಿಟ್ಟಿರ್ತಾಳ, ಅವ್ವನ ಮ್ಯಾಲ ಸಿಟ್ಟಿಗೆದ್ದು."

"ಮೊಬೈಲಿನಾಗ ಹಾಕಿದವ್ರು ಕೆಡಿಸ್ಯಾರ," ಎಂದಳು ಹೊನ್ನವ್ವ. "ನಾ ಕಣ್ಣಾರೆ ನೋಡೇನಿ. ಓಡಿಸಿದವ್ರು ಇಲ್ಲೇ ಕುಂತಾರ, ಕೇಳ್ರಿ."

ಎಲ್ಲರೂ ಪಂಚನ ಕಡೆ ತಿರುಗಿದರು. ಚನ್ನಬಸಯ್ಯ ಒಂದು ಉಂಡಿಯನ್ನು ಬಹಳ ಹೊತ್ತಿನಿಂದ ಅಗಿಯುತ್ತಿದ್ದ.

"ಮಾವಾರ," ಎಂದ ಸಿದ್ದಾರೂಢ. "ಮೂರ ಹೊಡೀತು. ಖರೆ ಇದ್ದದ್ದ ಹೇಳ್ರಿ. ನನ್ನ ಸಂಸಾರ ನಿಮ್ಮ ಬಾಯಾಗ ಐತಿ."

ಚನ್ನಬಸಯ್ಯ ಉಂಡಿ ನುಂಗಿದ. ನೀರು ಕುಡಿದ. ಅಳಿಯನ ಮುಖ ನೋಡಿದ, ಹೆಂಡತಿಯ ಮುಖ ನೋಡಲಿಲ್ಲ.

"ಮುದ್ದೇಬಿಹಾಳದ ಟಾಕೀಸಿನಾಗ ಓಡಿದ ಮ್ಯಾಲ ಆ ಪ್ರಿಂಟು ನಮ್ಮಲ್ಲಿಗೆ ಬಂತು," ಎಂದ. "ಬಸ್ಸಿನ ಟಾಪ್ ಮ್ಯಾಲ ಹಾಕಿದ್ರು. ಮಳಿ. ಡಬ್ಬಿ ಮ್ಯಾಲಿನ ನಂಬರಿನ ಚೀಟಿ ಎಲ್ಲಾ ತೊಯ್ದು ಹೋಗಿದ್ವು. ನಾ ಅಂದಾಜಿನ ಮ್ಯಾಲ ರೀಲ್ ಹಾಕಿದೆ. ಕಡೀದು ಮೊದಲ ಹೋತು."

"ಮರುದಿನ ಸರಿ ಮಾಡಬಾರದಿತ್ತೇನ್ರಿ?" ಎಂದ ಸಿದ್ದಾರೂಢ.

"ಮಾಡಿದೆ. ಮಂದಿ ಕುರ್ಚಿ ಮುರದ್ರು. ನಿನ್ನಿ ಸತ್ತಾಂವ ಎದ್ದ ಬಂದಿದ್ದ, ಇವತ್ತ ಯಾಕ ಬರಲಿಲ್ಲ, ಅಂತ. ಮಾಲಕರು ಹೇಳಿದ್ರು, ಚನ್ನಬಸಯ್ಯಾ, ಮೊದಲಿನಂಗ ತಪ್ಪ ಓಡಿಸು ಅಂತ. ಮೂರ ವಾರ ಓಡಿಸಿದೆ."

ಗುಂಡವ್ವನ ಬಾಯಿ ತೆರೆದೇ ಇತ್ತು. "ಯಪ್ಪಾ, ಆ ಸಿನಿಮಾ ನೋಡಿ ಬಂದ ವಾರದಿಂದ ನಾ ಗುರುವಾರ ಉಪಾಸ ಹಿಡದೇನಿ. ಮೂವತ್ತಾರ ವರ್ಷ! ಎಷ್ಟ ಗುರುವಾರ ಆದ್ವು?"

"ಸಾವಿರದ ಎಂಟನೂರಾ ಎಪ್ಪತ್ತೆರಡು," ಎಂದ ಸಿದ್ದಾರೂಢ, ರೂಢಿಯಿಂದ.

ಗುಂಡವ್ವ ಎದ್ದು ಅಡುಗೆಮನೆಗೆ ನಡೆದಳು. "ಹೋಳಿಗಿ ಎಲ್ಲಿ ಇಟ್ಟೀಯ ಹೊನ್ನವ್ವಾ?"

ಹೊನ್ನವ್ವ ಗಂಡನನ್ನೇ ನೋಡುತ್ತಿದ್ದಳು. "ಆ ಸಿನಿಮಾ ನೋಡಿ ನಾ ಅಳಕೋತ ಮನಿಗೆ ಬಂದೆ. ಕಣ್ಣ ಒರಿಸಿಕೋ ಅಂತ ನೀವ ಟಾವೆಲ್ ಕೊಟ್ರಿ."

"ಕೊಟ್ಟಿದ್ದೆ," ಎಂದ ಚನ್ನಬಸಯ್ಯ.

"ಆವಾಗರೆ ಹೇಳಬೇಕಿತ್ತು."

"ಅಳಾಕತ್ತಿದ್ದಿ. ಹ್ಯಾಂಗ ಹೇಳ್ಲಿ?"

"ಎರಡನೇ ಸಲ ಹೊಂಟಾಗರೆ ಹೇಳಬೇಕಿತ್ತು!" ಹೊನ್ನವ್ವ ಎದ್ದಳು. "ಅಳಿಯಾರು ಗೆದ್ದಾರ. ಮಾತಂದ್ರ ಮಾತ. ಸುವರ್ಣಾ, ಚೀಲ ತಗೋ."

ಮೂರೂವರೆಗೆ ಐದು ನಿಮಿಷ ಇರುವಾಗ ಸಿದ್ದಾರೂಢ ಬಸ್ಸಿನಲ್ಲಿದ್ದ. ಮೂವರು ಕೂರುವ ಸೀಟಿನಲ್ಲಿ ಕಿಟಕಿಗೆ ಸುವರ್ಣಾ, ಪಕ್ಕದಲ್ಲಿ ಅವನು. ಎಲೆಕ್ಷನ್ ಗೆದ್ದವನಂತೆ ಕಂಡಕಂಡವರಿಗೆಲ್ಲ ನಮಸ್ಕಾರ ಮಾಡುತ್ತಿದ್ದ. ಮೂರನೇ ಜಾಗದಲ್ಲಿ ಯಾರೋ ಕೈಚೀಲ ಇಟ್ಟರು. ನೋಡಿದರೆ ಹೊನ್ನವ್ವ.

"ಅತ್ತೀ, ಬಸ್ಸು ಬಿಡ್ತಾರ್ರಿ, ಇಳೀರಿ."

"ಇಳಿಯಾಕ ಹತ್ತಿಲ್ಲ. ನಾನೂ ಇಂಡಿಗೆ ಬರ್ತೇನಿ. ಮೂವತ್ತಾರ ವರ್ಷ ನನ್ನ ಮಳ್ಳ ಮಾಡಿದ ಮನಷ್ಯಾನ ಜೋಡಿ ನಾ ಇರಾಂಗಿಲ್ಲ. ಸರೀರಿ ಅಷ್ಟ."

ಸಿದ್ದಾರೂಢ ಸರಿದ. ಇಬ್ಬರ ನಡುವೆ ಅವನು ಹೋಳಿಗೆಯ ಹೂರಣವಾದ. ಇರಲಿ, ಹೆಂಡತಿಯಂತೂ ಬಂದಳಲ್ಲ ಎಂದು ಸಮಾಧಾನ ಮಾಡಿಕೊಂಡ.

ಕಿಟಕಿಯ ಕೆಳಗೆ ಚನ್ನಬಸಯ್ಯ ಬಂದು ನಿಂತಿದ್ದ. ಓಡಿ ಬಂದ ರಭಸಕ್ಕೆ ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಗುಂಡವ್ವನದು. ಹೆಂಡತಿಯನ್ನು ಇಳಿ ಎನ್ನುವ ಧೈರ್ಯ ಅವನಿಗಿರಲಿಲ್ಲ. ಮಗಳನ್ನು ಕೇಳಿದ:

"ಸುವ್ವೀ, ಚಹಾಪುಡಿ ಎಲ್ಲಿರ್ತೈತಿ?"

ಸುವರ್ಣಾ ಅಪ್ಪನನ್ನು ನೋಡಿದಳು, ಅವನ ಕಾಲು ನೋಡಿದಳು. ಎದ್ದಳು.

"ರೀ, ಅಪ್ಪಗ ಗ್ಯಾಸ್ ಹಚ್ಚಾಕ ಸೈತ ಬರೂದಿಲ್ರಿ. ಒಬ್ಬನ್ನ ಬಿಟ್ಟು ಹ್ಯಾಂಗ ಬರ್ಲಿ?"

"ಸುವರ್ಣಾ, ನಾ ಗೆದ್ದೇನಲ್ಲ!"

"ಹೌದ್ರಿ, ಗೆದ್ದೀರಿ. ಅವ್ವ ಸಮಾಧಾನ ಆದ ಕೂಡಲೆ ಬರ್ತೇನಿ. ಅಲ್ಲಿ ತನಕ ಅಕಿನ್ನ ಚಂದಂಗೆ ನೋಡ್ಕೋರಿ."

ಇಬ್ಬರ ಮೊಣಕಾಲು ದಾಟಿ ಇಳಿದೇಬಿಟ್ಟಳು. ಸಿದ್ದಾರೂಢನೂ ಎದ್ದ. ಕಂಡಕ್ಟರ ಸೀಟಿ ಹೊಡೆದ. ಬಸ್ಸು ಜಗ್ಗಿದ ರಭಸಕ್ಕೆ ಮತ್ತೆ ಕೂತ.

ಹೊನ್ನವ್ವ ಅವನನ್ನು ದಾಟಿ ಕಿಟಕಿಯ ಪಕ್ಕ ಕೂತು ಸೆರಗು ಸರಿಮಾಡಿಕೊಂಡಳು. ಆಧಾರ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ಟು ಪಡೆದಳು. ಊರು ದಾಟಿ, ತೊಗರಿ ಹೊಲಗಳು ಶುರುವಾದ ಮೇಲೆ ಕೇಳಿದಳು:

"ನಿಮ್ಮ ಮನ್ಯಾಗ ಮಲಗೂ ಖೋಲಿ ಎಷ್ಟ ಅದಾವು, ಅಳಿಯಾರ?"

"ಒಂದ ರೀ. ಅದು ಬಿಟ್ರ ಅಡಗಿಮನಿ."

ಹೊನ್ನವ್ವ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ಸಾಕು. ನೀವು ಅಡಗಿಮನ್ಯಾಗ ಮಲಕೋರಿ."